ಫೋನಿನಲ್ಲಿ ಏನು ಹೇಳಿದರು? ಶಬ್ದ, ಕ್ಯಾಮೆರಾ, ಸಂಕಲನ ಸೇರಿ ಭಾವ ಕಟ್ಟುವ ಬಗೆ

ಒಂದು ಸಣ್ಣ ದೃಶ್ಯ ಇಟ್ಟುಕೊಂಡು ಓದೋಣ. ರಾತ್ರಿ ಹೊತ್ತು. ಒಬ್ಬಾಕೆ ಮೇಜಿನ ಮುಂದೆ ಕೂತಿದ್ದಾಳೆ. ಫೋನ್ ಬರುತ್ತದೆ. ಎತ್ತುತ್ತಾಳೆ, ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ, ಒಂದು ಮಾತೂ ಆಡದೆ ಇಡುತ್ತಾಳೆ. ಬಂದದ್ದು ಸಾವಿನ ಸುದ್ದಿಯೋ, ಬೆದರಿಕೆಯೋ, ಕಾಣೆಯಾದವರು ಸಿಕ್ಕರೆಂಬ ಸಮಾಚಾರವೋ? ಚಿತ್ರಕಥೆಯ ಈ ನಾಲ್ಕು ಸಾಲಿನಲ್ಲಿ ಅದು ಇಲ್ಲ. ನಟಿಯ ಮುಖದಲ್ಲೂ ಪೂರ್ತಿ ಇರುವುದಿಲ್ಲ. ಆ ಮುಖವನ್ನು ಎಷ್ಟು ದೂರದಿಂದ ನೋಡುತ್ತೇವೆ, ಆಗ ಕಿವಿಗೆ ಏನು ಬೀಳುತ್ತಿರುತ್ತದೆ, ಅದಕ್ಕೂ ಮುಂಚೆ ಏನು ನೋಡಿದ್ದೆವು, ಯಾವ ಫ್ರೇಮಿನಲ್ಲಿ ಅದನ್ನು ಬಿಟ್ಟು ಹೊರಟೆವು ಎಂಬುದರ ಮೇಲೆ ಉತ್ತರ ನಿಂತಿದೆ.

ಓದುವಾಗ ಒಂದೇ ಪ್ರಶ್ನೆ ಕೈಯಲ್ಲಿರಲಿ: ವಿಷಯ ಪ್ರೇಕ್ಷಕರನ್ನು ಮೊದಲು ಮುಟ್ಟುವುದು ಕಿವಿಯಿಂದಲೋ ಕಣ್ಣಿನಿಂದಲೋ, ಎರಡರ ನಡುವೆ ಅವರನ್ನು ಎಷ್ಟು ಹೊತ್ತು ಕಾಯಿಸುತ್ತೀರಿ?

ಮುಖದಲ್ಲಿ ಜಾಗ ಉಳಿದಿರಲಿ

1920ರ ಆಸುಪಾಸಿನಲ್ಲಿ ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಮಾಡಿದ ಪ್ರಯೋಗ ಎಲ್ಲ ಪಠ್ಯಗಳಲ್ಲೂ ಬರುತ್ತದೆ. ನಟ ಇವಾನ್ ಮೊಜ್ಜೂಖಿನ್‌ನ ನಿರ್ವಿಕಾರ ಮುಖದ ಒಂದೇ ತುಣುಕನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮುಂತಾದ ಬೇರೆ ಬೇರೆ ಶಾಟ್‌ಗಳ ಪಕ್ಕ ಜೋಡಿಸಿದಾಗ, ಅದೇ ಮುಖದಲ್ಲಿ ನೋಡುಗರು ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಕಂಡರು ಎನ್ನುವುದು ಅದರ ಸಾರ. ಇದನ್ನು ಪರೀಕ್ಷೆಗೆ ಬರೆದು ಮರೆತುಬಿಡುವವರೇ ಹೆಚ್ಚು. ಸಂಕಲನದ ಮೇಜಿನಲ್ಲಿ ಇದಕ್ಕೆ ನೇರ ಉಪಯೋಗ ಇದೆ.

ಹೊಸಬರು ಟೇಕ್ (ಒಂದೇ ಶಾಟನ್ನು ಮತ್ತೆ ಮತ್ತೆ ತೆಗೆದದ್ದರಲ್ಲಿ ಒಂದು ಸಲದ್ದು) ಆರಿಸುವಾಗ ನಟಿ ಅತಿ ಹೆಚ್ಚು ಅತ್ತ ಟೇಕನ್ನು ಹಿಡಿಯುತ್ತಾರೆ. ಆ ಟೇಕಿನಲ್ಲಿ ಎಲ್ಲವೂ ಹೇಳಿ ಮುಗಿದಿರುತ್ತದೆ, ಪ್ರೇಕ್ಷಕರಿಗೆ ತುಂಬಲು ಜಾಗವೇ ಉಳಿದಿರುವುದಿಲ್ಲ. ತಡೆದುಕೊಳ್ಳುತ್ತಿರುವ ಮುಖದ ಟೇಕ್ ಎದುರಿನ ಶಾಟಿನಿಂದಲೂ ಶಬ್ದದಿಂದಲೂ ಅರ್ಥ ಪಡೆಯುತ್ತದೆ. ಚಿತ್ರೀಕರಣದಲ್ಲಿ 'ಏನೂ ಮಾಡಬೇಡಿ, ಬರೀ ಕೇಳಿಸಿಕೊಳ್ಳಿ' ಎಂಬ ಒಂದು ಟೇಕನ್ನು 20 ಸೆಕೆಂಡ್ ತೆಗೆದಿಟ್ಟುಕೊಳ್ಳಿ. ದೃಶ್ಯವನ್ನು ಉಳಿಸುವುದು ಬಹಳ ಸಲ ಇದೇ.

ಈ ಜೋಡಣೆ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಆಕೆ ನೋಡುವ ದಿಕ್ಕಿಗೂ ಮುಂದಿನ ಶಾಟಿನ ಕ್ಯಾಮೆರಾ ಎತ್ತರಕ್ಕೂ ಹೊಂದಾಣಿಕೆ ಇಲ್ಲದಿದ್ದರೆ, ಆಕೆ ಅದನ್ನೇ ನೋಡುತ್ತಿದ್ದಾಳೆ ಎಂದು ಮನಸ್ಸು ಒಪ್ಪುವುದಿಲ್ಲ. ಎರಡು ಶಾಟುಗಳ ಬೆಳಕಿನ ಬಣ್ಣ ಬೇರೆಯಾದರೂ ಅಷ್ಟೇ, ಅವು ಒಂದೇ ಕೋಣೆಯವು ಅನ್ನಿಸುವುದಿಲ್ಲ.

ಲೆನ್ಸಿಗಿಂತ ಮೊದಲು ದೂರ

'ವೈಡ್ ಲೆನ್ಸ್ ಮುಖವನ್ನು ವಿಕಾರ ಮಾಡುತ್ತದೆ, ಟೆಲಿ ಲೆನ್ಸ್ ಚಪ್ಪಟೆ ಮಾಡುತ್ತದೆ' ಎಂದು ಕಲಿಯುತ್ತೇವೆ (ವೈಡ್ ಎಂದರೆ 24 ಎಂಎಂನಂಥ, ಹೆಚ್ಚು ಅಗಲ ಹಿಡಿಯುವ ಲೆನ್ಸ್; ಟೆಲಿ ಎಂದರೆ 85 ಎಂಎಂನಂಥ, ಕಿರಿದಾದ ಭಾಗವನ್ನು ಹತ್ತಿರ ತರುವ ಲೆನ್ಸ್). ನಿಜವಾಗಿ ಅದನ್ನು ಮಾಡುವುದು ಕ್ಯಾಮೆರಾ ನಿಂತಿರುವ ದೂರ. ಲೆನ್ಸ್ ಆ ನೋಟದಲ್ಲಿ ಎಷ್ಟು ಭಾಗ ಚೌಕಟ್ಟಿಗೆ ಬರಬೇಕೆಂದು ನಿರ್ಧರಿಸುತ್ತದೆ. ಫುಲ್ ಫ್ರೇಮ್ (ಸುಮಾರು 36x24 ಎಂಎಂ ಗಾತ್ರದ) ಸೆನ್ಸಾರಿನಲ್ಲಿ 24 ಎಂಎಂ ಲೆನ್ಸನ್ನು 60 ಸೆಂಟಿಮೀಟರಿಗೆ, 50 ಎಂಎಂ ಅನ್ನು 1.25 ಮೀಟರಿಗೆ, 85 ಎಂಎಂ ಅನ್ನು ಸುಮಾರು 2.1 ಮೀಟರಿಗೆ ಇಟ್ಟರೆ ಮೂರರಲ್ಲೂ ಮುಖದ ಗಾತ್ರ ಹೆಚ್ಚುಕಡಿಮೆ ಒಂದೇ. ಆದರೆ ಅನುಭವ ಪೂರ್ತಿ ಬೇರೆ. 60 ಸೆಂಟಿಮೀಟರಿನಲ್ಲಿ ಮೂಗು ಮುಂದೆ ಬರುತ್ತದೆ, ಕಿವಿಗಳು ಹಿಂದೆ ಸರಿಯುತ್ತವೆ, ಹಿಂದಿನ ಗೋಡೆ ದೂರ ಹೋಗುತ್ತದೆ. ನೋಡುವವರು ಆಕೆಯ ಉಸಿರು ತಾಗುವಷ್ಟು ಹತ್ತಿರ ಬಂದಿರುತ್ತಾರೆ, ಆ ಹತ್ತಿರ ಸ್ವಲ್ಪ ಇರುಸುಮುರುಸಿನದು. 2.1 ಮೀಟರಿನಲ್ಲಿ ಗೋಡೆ ಆಕೆಯ ಬೆನ್ನಿಗೇ ಬಂದು ನಿಂತಂತೆ ಕಾಣುತ್ತದೆ, ನಾವು ಮರೆಯಿಂದ ನೋಡುವವರಾಗುತ್ತೇವೆ. ಬೆದರಿಕೆಯ ಕರೆಗೆ ಈ ಮರೆಯ ನೋಟ ಚೆನ್ನಾಗಿ ಒಪ್ಪುತ್ತದೆ. ದುಃಖಕ್ಕೆ 1.25 ಮೀಟರ್ ಸಾಕು, ಎದುರು ಕುರ್ಚಿಯಲ್ಲಿ ಕೂತು ನೋಡಿದಷ್ಟು ದೂರ ಅದು.

ಹಿನ್ನೆಲೆ ಮಸುಕಾದರೆ ಚೆಂದ ಎಂದು 85 ಎಂಎಂ ಲೆನ್ಸಿನ ಅಪರ್ಚರನ್ನು (ಬೆಳಕು ಒಳಬರುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಅದು ದೊಡ್ಡದು) ಎಫ್ 1.8ಕ್ಕೆ ತೆರೆಯುವವರು ಲೆಕ್ಕ ನೋಡಿಕೊಳ್ಳಬೇಕು. 2.1 ಮೀಟರ್ ದೂರದಲ್ಲಿ ಫೋಕಸ್ ಇರುವ ಆಳ ಒಟ್ಟು ಆರೂವರೆ ಸೆಂಟಿಮೀಟರ್ ಮಾತ್ರ. ಸುದ್ದಿ ಕೇಳಿ ಆಕೆ ಸ್ವಲ್ಪ ಮುಂದಕ್ಕೆ ಬಾಗಿದಳೋ, ಕಣ್ಣು ಫೋಕಸ್ ತಪ್ಪುತ್ತದೆ, ಅದೂ ಅತಿ ಮುಖ್ಯ ಕ್ಷಣದಲ್ಲಿ. ಎಫ್ 4ಕ್ಕೆ ಇಳಿಸಿದರೆ ಸುಮಾರು 15 ಸೆಂಟಿಮೀಟರ್ ಸಿಗುತ್ತದೆ, ನಟಿಗೆ ಉಸಿರಾಡಲು ಜಾಗ ಸಿಗುತ್ತದೆ.

ಚಲನೆಯ ವಿಷಯ. ಟ್ರಾಲಿಯಲ್ಲಿ ಹತ್ತಿರ ಹೋದರೆ ಮುಖ ಮತ್ತು ಗೋಡೆಯ ನಡುವಿನ ಸಂಬಂಧ ಬದಲಾಗುತ್ತದೆ, ಜೂಮ್ ಮಾಡಿದರೆ ಇಡೀ ಚಿತ್ರ ದೊಡ್ಡದಾಗುತ್ತದೆ ಅಷ್ಟೇ. ನಮ್ಮ ದೃಶ್ಯಕ್ಕೆ 2 ಮೀಟರಿನಿಂದ 1.4 ಮೀಟರಿಗೆ 12 ಸೆಕೆಂಡಿನಲ್ಲಿ, ಅಂದರೆ ಸೆಕೆಂಡಿಗೆ 5 ಸೆಂಟಿಮೀಟರಿನಂತೆ ಹೋಗಬಹುದು. ಈ ವೇಗದಲ್ಲಿ ಚಲನೆ ಕಣ್ಣಿಗೆ ಬೀಳುವ ಮೊದಲು ಮನಸ್ಸಿಗೆ ತಟ್ಟುತ್ತದೆ. ಸುದ್ದಿ ಬಂದ ಮೇಲೆ ಟ್ರಾಲಿ ಹೊರಟರೆ 'ಈಗ ದುಃಖಪಡಿ' ಎಂದು ಸನ್ನೆ ಮಾಡಿದಂತೆ. ಆಕೆ ಫೋನ್ ಎತ್ತುವ ಕೈ ಚಲನೆಯ ಮರೆಯಲ್ಲೇ ಹೊರಡಿಸಿ.

ಶಟರ್ ಆ್ಯಂಗಲ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತಿನ ಅಳತೆ) ಕೂಡ ಭಾವದ ಸಾಧನ. ಸೆಕೆಂಡಿಗೆ 24 ಫ್ರೇಮ್ ಇದ್ದಾಗ 180 ಡಿಗ್ರಿ ಎಂದರೆ ಪ್ರತಿ ಫ್ರೇಮಿಗೆ 1/48 ಸೆಕೆಂಡ್ ಬೆಳಕು, ಚಲನೆಯಲ್ಲಿ ಸಹಜ ಮಸುಕು. 45 ಡಿಗ್ರಿಗೆ ಇಳಿಸಿದರೆ 1/192 ಸೆಕೆಂಡ್, ಕೈ ನಡುಕ ಚೂರುಚೂರಾಗಿ ಹರಿತವಾಗಿ ಕಾಣುತ್ತದೆ, ಗಾಬರಿ ಹೆಚ್ಚುತ್ತದೆ. ಆದರೆ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಕೆಲವು ದೀಪಗಳು ಇಷ್ಟು ಚಿಕ್ಕ ಶಟರಿನಲ್ಲಿ ಮಿನುಗುತ್ತವೆ. ಅಂಥ ಜಾಗದಲ್ಲಿ 24 ಫ್ರೇಮಿಗೆ 172.8 ಡಿಗ್ರಿ, ಅಂದರೆ 1/50 ಸೆಕೆಂಡ್, ಕ್ಷೇಮ. ಕ್ಯಾಮೆರಾ ಓರೆ ಮಾಡುವುದಿದ್ದರೆ ಧೈರ್ಯವಾಗಿ ಮಾಡಿ: 2-3 ಡಿಗ್ರಿ ಓರೆ ಟ್ರೈಪಾಡಿನ ತಪ್ಪಿನಂತೆಯೇ ಕಾಣುತ್ತದೆ. ಕೆಳಗಿನಿಂದ ತೆಗೆದರೆ ಬಲಶಾಲಿ, ಮೇಲಿನಿಂದ ತೆಗೆದರೆ ದುರ್ಬಲ ಎಂಬ ಸೂತ್ರ ಅರ್ಧ ಸತ್ಯ. ಹಿಂದಿನ ಶಾಟಿನ ಎತ್ತರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮಾತಾಡುತ್ತದೆ, ಕೋನ ತಾನೊಂದೇ ಮಾತಾಡುವುದಿಲ್ಲ.

ಶಬ್ದ: ಸೇರಿಸುವುದಕ್ಕಿಂತ ಕಳೆಯುವುದು

ಭಾವದ ಕೆಲಸದಲ್ಲಿ ಅತಿ ಹೆಚ್ಚು ನಡೆಯುವುದು ಇಲ್ಲಿ, ಅತಿ ಕಡಿಮೆ ಸಮಯ ಸಿಗುವುದೂ ಇದಕ್ಕೇ. ಮೊದಲು ರೂಮ್ ಟೋನ್. ಚಿತ್ರೀಕರಣ ಮುಗಿದ ಕೂಡಲೇ, ದೀಪ ಆರಿಸದೆ, ಯಾರೂ ಅಲುಗಾಡದೆ, ಅದೇ ಮೈಕನ್ನು ಅದೇ ಜಾಗದಲ್ಲಿಟ್ಟು ಕನಿಷ್ಠ 60 ಸೆಕೆಂಡ್ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಇದಿಲ್ಲದಿದ್ದರೆ ಪ್ರತಿ ಕಟ್ಟಿನಲ್ಲೂ ಹಿನ್ನೆಲೆ ಮೇಲೆ ಕೆಳಗೆ ಹಾರುತ್ತದೆ, ಪ್ರೇಕ್ಷಕರು ಕಾರಣ ತಿಳಿಯದೆಯೇ ದೃಶ್ಯದಿಂದ ಹೊರಬೀಳುತ್ತಾರೆ.

ಈಗ ನಮ್ಮ ಕೋಣೆಗೆ ಮೂರು ಪದರ ಕೊಡೋಣ: ಹೊರಗಿನ ರಸ್ತೆಯ ಸದ್ದು, ಫ್ರಿಜ್ಜಿನ ಗುಂಯ್ ಸದ್ದು, ಗೋಡೆ ಗಡಿಯಾರ. ದೃಶ್ಯ ಶುರುವಾದಾಗಿನಿಂದ ಮೂರೂ ಇರಲಿ, ಕಿವಿ ಅವನ್ನು ಮರೆಯಲಿ. ಆಕೆ ಕೇಳಿಸಿಕೊಳ್ಳುತ್ತಿರುವಾಗ ರಸ್ತೆಯ ಸದ್ದನ್ನು 4 ಸೆಕೆಂಡಿನಲ್ಲಿ 10 ಡೆಸಿಬೆಲ್ ಇಳಿಸಿ, ಕಿವಿಗೆ ಅದು ಸುಮಾರು ಅರ್ಧದಷ್ಟಾದಂತೆ ಅನ್ನಿಸುತ್ತದೆ. ಸುದ್ದಿಯ ಮಾತು ಬಿದ್ದ ಕ್ಷಣಕ್ಕೆ ಫ್ರಿಜ್ ತಟ್ಟನೆ ನಿಲ್ಲಲಿ. ಇಷ್ಟು ಹೊತ್ತು ಕೇಳಿಯೇ ಇಲ್ಲ ಅಂದುಕೊಂಡಿದ್ದ ಸದ್ದು ಹೋದಾಗಲೇ ಅದು ಇತ್ತೆಂದು ಗೊತ್ತಾಗುತ್ತದೆ, ಎದೆಯೊಳಗೆ ಏನೋ ಜಾರಿದಂತಾಗುತ್ತದೆ. ಗಡಿಯಾರ ಮಾತ್ರ ಉಳಿಯುತ್ತದೆ. ಇಲ್ಲಿ ಎಲ್ಲ ಟ್ರ್ಯಾಕನ್ನೂ ಪೂರ್ತಿ ಸೊನ್ನೆಗೆ ಇಳಿಸಬೇಡಿ. ಸ್ಪೀಕರ್ ಕೆಟ್ಟಿತೆಂದು ಪ್ರೇಕ್ಷಕರು ಅತ್ತಿತ್ತ ನೋಡುತ್ತಾರೆ. ಸಣ್ಣಗೆ ರೂಮ್ ಟೋನ್ ಇದ್ದರೇನೇ ಮೌನ ಮೌನವಾಗಿ ಕೇಳಿಸುತ್ತದೆ.

ಆ ಕಡೆಯ ಧ್ವನಿಯನ್ನು ಕೇಳಿಸಬೇಕೇ? ಸ್ಪಷ್ಟವಾಗಿ ಕೇಳಿಸಿದರೆ (300ರಿಂದ 3400 ಹರ್ಟ್ಸ್ ನಡುವಿನ ಭಾಗ ಮಾತ್ರ ಉಳಿಸಿದರೆ ಹಳೆಯ ಫೋನಿನ ಧ್ವನಿ ಬರುತ್ತದೆ) ನಾವು ಆಕೆಯ ಕಿವಿಯೊಳಗಿದ್ದೇವೆ, ಆಘಾತ ಇಬ್ಬರಿಗೂ ಒಟ್ಟಿಗೆ. ಪದ ತಿಳಿಯದ ಗೊಣಗಾಟವಾಗಿ ಕೇಳಿಸಿದರೆ ನಾವು ಅದೇ ಕೋಣೆಯಲ್ಲಿ ಪಕ್ಕದಲ್ಲಿ ನಿಂತವರು, ಮುಖ ಓದುವ ಕೆಲಸ ನಮ್ಮದು. ಏನೂ ಕೇಳಿಸದಿದ್ದರೆ ನಾವು ಗಾಜಿನ ಆಚೆ. ಎರಡನೆಯದೇ ಈ ದೃಶ್ಯಕ್ಕೆ ಅತ್ಯುತ್ತಮ, ಯಾಕೆಂದರೆ ಕಿವಿಗೆ ಅರ್ಧ ಕೊಟ್ಟು ಇನ್ನರ್ಧಕ್ಕೆ ಕಣ್ಣನ್ನು ದುಡಿಸುತ್ತದೆ. ಬೆದರಿಕೆಯ ಕರೆಯಾದರೆ ಮಾತ್ರ ಸ್ಪಷ್ಟ ಧ್ವನಿ ಇರಲಿ, ಮುಖ ಕಾಣದಿರಲಿ. ಕಾಣದ ಬಾಯಿಯಿಂದ ಬರುವ ಧ್ವನಿಗೆ ಎಲ್ಲೆಡೆ ಇರುವ, ಎಲ್ಲವನ್ನೂ ಬಲ್ಲ ಶಕ್ತಿ ಬರುತ್ತದೆ, ಆ ಬಾಯಿ ತೆರೆಯ ಮೇಲೆ ಕಂಡ ಕೂಡಲೇ ಆ ಶಕ್ತಿ ಕಳಚುತ್ತದೆ ಎಂದು ಫ್ರೆಂಚ್ ಚಿಂತಕ ಮಿಷೆಲ್ ಶಿಯೋಂ ವಿವರಿಸಿದ್ದಾರೆ. ಆದ್ದರಿಂದ ಕರೆ ಮಾಡಿದವನನ್ನು ಯಾವಾಗ ತೋರಿಸುತ್ತೀರಿ ಎಂಬುದು ಭಯಕ್ಕೆ ಮುಗಿವು ಹಾಕುವ ನಿರ್ಧಾರವೂ ಹೌದು.

ಫೋನ್ ಇಡುವ ಸದ್ದು ಫೋಲಿಯ (ಚಿತ್ರ ನೋಡುತ್ತ ಸಣ್ಣಪುಟ್ಟ ಸದ್ದುಗಳನ್ನು ಆಮೇಲೆ ಮಾಡಿ ಸೇರಿಸುವ) ಕೆಲಸ. ಬರೀ ಮರದ ಮೇಲೆ ಇಟ್ಟರೆ ತೀರ್ಮಾನ, ಬಟ್ಟೆಯ ಮೇಲೆ ಇಟ್ಟರೆ ಕೈ ಸೋತದ್ದು. ಸೀರೆಯ ಸರಸರ, ಕುರ್ಚಿಯ ಕಿರಕಿರ, ಬಳೆ ಎಲ್ಲವನ್ನೂ ಒಂದೇ ಮಟ್ಟದಲ್ಲಿ ಹಾಕಿದರೆ ಯಾವುದಕ್ಕೂ ಬೆಲೆ ಉಳಿಯುವುದಿಲ್ಲ. ಸಿಂಕ್ (ಶಬ್ದಕ್ಕೂ ಚಿತ್ರಕ್ಕೂ ಸಮಯದ ಹೊಂದಾಣಿಕೆ) ವಿಷಯದಲ್ಲಿ ಒಂದು ಅಂಕಿ ನೆನಪಿಡಿ: ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಶಬ್ದ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ಜನ ಗುರುತಿಸುತ್ತಾರೆ, ಹಿಂದೆ ಬಿದ್ದರೆ 125ರವರೆಗೂ ಗೊತ್ತಾಗುವುದಿಲ್ಲ. 24 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ಲೋಕದಲ್ಲಿ ಸದ್ದು ಯಾವಾಗಲೂ ಬೆಳಕಿನ ಹಿಂದೆಯೇ ಬರುವುದರಿಂದ ಕಿವಿಗೆ ತಡವಾಗುವುದು ರೂಢಿ. ಹಾಗಾಗಿ ಫೋಲಿ ಅನುಮಾನವಿದ್ದರೆ ಒಂದು ಫ್ರೇಮ್ ಹಿಂದೆ ಇರಲಿ, ಮುಂದೆ ಎಂದೂ ಬೇಡ.

ಸಂಗೀತ ಕೊನೆಗೆ. ಸುದ್ದಿಯ ಮುಖದ ಮೇಲೆಯೇ ಪಿಟೀಲು ಎದ್ದರೆ ಮುಖ ಓದುವ ಕೆಲಸವನ್ನು ಅದು ಕಿತ್ತುಕೊಳ್ಳುತ್ತದೆ. ಫೋನ್ ಇಟ್ಟು 3-4 ಸೆಕೆಂಡ್ ಕಳೆದ ಮೇಲೆ, ಕುರ್ಚಿ ಸರಿದ ಸದ್ದಿನ ಅಡಿಯಿಂದ ಒಂದೇ ಸ್ವರ ಒಳಬರಲಿ, ಎಲ್ಲಿ ಶುರುವಾಯಿತೆಂದು ತಿಳಿಯಬಾರದು. ಸಂಗೀತ ಬೇಡವೆಂಬುದನ್ನೂ ನಿಯಮ ಮಾಡಿಕೊಳ್ಳಬೇಡಿ. 1960ರ 'ಸೈಕೋ' ಚಿತ್ರದ ಸ್ನಾನದ ಮನೆಯ ದೃಶ್ಯಕ್ಕೆ ಸಂಗೀತ ಬೇಡ ಎಂದೇ ಹಿಚ್‌ಕಾಕ್ ಮೊದಲು ಹೇಳಿದ್ದರು. ಬರ್ನಾರ್ಡ್ ಹೆರ್ಮನ್ ಬರೀ ತಂತಿವಾದ್ಯಗಳಿಗೆ ಬರೆದದ್ದನ್ನು ಚಿತ್ರದ ಜೊತೆ ಕೇಳಿದ ಮೇಲೆ ಮನಸ್ಸು ಬದಲಿಸಿದರು. ಎರಡೂ ರೀತಿ ಹಾಕಿ ನೋಡದೆ ತೀರ್ಮಾನಿಸುವಂತಿಲ್ಲ. ಇನ್ನೊಂದು ಸಾಮಾನ್ಯ ಎಡವಟ್ಟು: ಆತಂಕಕ್ಕೆಂದು 40 ಹರ್ಟ್ಸಿನ ಗುಡುಗುವ ಸ್ವರವೊಂದನ್ನೇ ನಂಬುವುದು. ಮೊಬೈಲ್, ಲ್ಯಾಪ್‌ಟಾಪ್ ಸ್ಪೀಕರುಗಳಲ್ಲಿ ಅದು ಕೇಳಿಸುವುದೇ ಇಲ್ಲ, ಆತಂಕವೂ ಅದರ ಜೊತೆ ಮಾಯ. ಅದರ ಮೇಲಿನ 160, 320 ಹರ್ಟ್ಸಿನ ಸ್ವರಗಳನ್ನೂ ಸಣ್ಣಗೆ ಸೇರಿಸಿ.

ಯಾವ ಫ್ರೇಮಿನಲ್ಲಿ ಕತ್ತರಿ

ರಿಂಗ್ ಎಲ್ಲಿಂದ ಶುರುವಾಗಬೇಕು? ಹಿಂದಿನ ದೃಶ್ಯದ ಕೊನೆಯ 18 ಫ್ರೇಮುಗಳ ಮೇಲೆಯೇ ರಿಂಗ್ ಕೇಳಿಸಿ ಆಮೇಲೆ ಕೋಣೆಗೆ ಬಂದರೆ ಅದು ಜೆ ಕಟ್. ಕಿವಿ ಮುಂದೆ, ಕಣ್ಣು ಹಿಂದೆ: ಆ ಮುಕ್ಕಾಲು ಸೆಕೆಂಡ್ ಪ್ರೇಕ್ಷಕರು ದಿಕ್ಕು ತಪ್ಪಿ ಗಾಬರಿಯಾಗುತ್ತಾರೆ. ತಿರುಗಿಸಿ ನೋಡಿ. ಫೋನ್ ಸದ್ದಿಲ್ಲದೆ ಬೆಳಗುತ್ತಿದೆ, ಆಕೆ ಬೇರೆಡೆ ನೋಡುತ್ತಿದ್ದಾಳೆ. ಈಗ ಕಣ್ಣು ಮುಂದೆ, ಆಕೆಗಿಂತ ಮೊದಲು ನಮಗೆ ಗೊತ್ತು, ಕಾಯುವ ಸಂಕಟ ನಮ್ಮದು. ಎಲ್ ಕಟ್ ಕೊನೆಗೆ ಬೇಕಾಗುತ್ತದೆ: ಚಿತ್ರ ಖಾಲಿ ಹಜಾರಕ್ಕೆ ಹೋದ ಮೇಲೂ ಆಕೆಯ ಉಸಿರು 2 ಸೆಕೆಂಡ್ ಮುಂದುವರಿದರೆ ಆ ಹಜಾರ ಆಕೆಯ ಒಂಟಿತನದ್ದಾಗುತ್ತದೆ.

ಫೋನ್ ಇಟ್ಟ ಮೇಲೆ ಮುಖವನ್ನು ಎಷ್ಟು ಹೊತ್ತು ಹಿಡಿಯಬೇಕು? 2 ಸೆಕೆಂಡಿಗೆ ಬರೀ ಮಾಹಿತಿ ಸಿಗುತ್ತದೆ. 5ಕ್ಕೆ ಪ್ರೇಕ್ಷಕರು ಹುಡುಕತೊಡಗುತ್ತಾರೆ. 8-9ಕ್ಕೆ ತಮ್ಮದನ್ನು ತುಂಬುತ್ತಾರೆ, ಆದರೆ ಅಷ್ಟರಲ್ಲಿ ಮುಖದಲ್ಲಿ ಒಂದಾದರೂ ಬದಲಾವಣೆ ಇರಬೇಕು, ಉಸಿರೋ ದೃಷ್ಟಿಯೋ ಕದಲಬೇಕು. ಇಲ್ಲದಿದ್ದರೆ ಸಂಕಲನಕಾರ ನಿದ್ದೆ ಹೋದಂತೆ ಕಾಣುತ್ತದೆ. ಕಣ್ಣೀರು ತುಂಬಿದಾಗ ಕತ್ತರಿಸಿದರೆ ಅದು ನೋಡುವವರ ಕಣ್ಣಲ್ಲಿ ಇಳಿಯುತ್ತದೆ, ಕೆನ್ನೆಗೆ ಇಳಿದ ಮೇಲೆ ಕತ್ತರಿಸಿದರೆ ತೆರೆಯ ಮೇಲೆಯೇ ಮುಗಿಯುತ್ತದೆ. ಜಾಗ ನಿರ್ಧರಿಸಿದ ಮೇಲೆ 2, 4, 8 ಫ್ರೇಮ್ ಹಿಂದೆ ಮುಂದೆ ಮಾಡಿ ಪ್ರತಿ ಸಲ ಕನಿಷ್ಠ 20 ಸೆಕೆಂಡ್ ಹಿಂದಿನಿಂದ ಆಡಿಸಿ ನೋಡಿ. ಕಟ್ಟನ್ನಷ್ಟೇ ನೋಡಿದರೆ ಎಲ್ಲ ಕಟ್ಟೂ ಸರಿಯೆನಿಸುತ್ತದೆ.

180 ಡಿಗ್ರಿ ರೇಖೆ (ಪಾತ್ರಗಳ ನಡುವಿನ ಕಲ್ಪಿತ ಗೆರೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಇಡುವುದು), 30 ಡಿಗ್ರಿ ನಿಯಮ (ಒಂದೇ ವಸ್ತುವಿನ ಎರಡು ಶಾಟುಗಳ ನಡುವೆ ಕ್ಯಾಮೆರಾ ಕನಿಷ್ಠ ಅಷ್ಟು ಕೋನ ಸರಿಯುವುದು) ನಿಮಗೆ ಗೊತ್ತೇ ಇವೆ. ಅವಕ್ಕೂ ಭಾವಕ್ಕೂ ಜಗಳ ಬಂದಾಗ ಸಂಕಲನಕಾರ ವಾಲ್ಟರ್ ಮರ್ಚ್ ಕೊಟ್ಟ ತೂಕ ನೆನಪಿಗೆ ತನ್ನಿ: ಭಾವಕ್ಕೆ 51 ಶೇಕಡಾ, ಕಥೆಗೆ 23, ಲಯಕ್ಕೆ 10, ನೋಡುವ ಕಣ್ಣಿನ ಜಾಡಿಗೆ 7, ಪರದೆಯ ಎರಡು ಆಯಾಮದ ಹೊಂದಾಣಿಕೆಗೆ 5, ಮೂರು ಆಯಾಮದ ಜಾಗಕ್ಕೆ 4. ಭಾವ ಒಂದೇ ಉಳಿದೆಲ್ಲದರ ಮೊತ್ತಕ್ಕಿಂತ ಹೆಚ್ಚು. ಕೈ ಸ್ಥಾನ ಹೊಂದದ ಟೇಕಿನಲ್ಲಿ ಕಣ್ಣು ನಿಜವಾಗಿದ್ದರೆ ಅದನ್ನೇ ಇಡಿ.

ಮಾಡಿ ನೋಡಲು

ಒಂದೇ ಚಿತ್ರೀಕರಣದಿಂದ ತಲಾ 45 ಸೆಕೆಂಡಿನ ಮೂರು ಆವೃತ್ತಿ ಕಟ್ಟಿ. ಒಂದರಲ್ಲಿ ಕಿವಿ ಮುಂದೆ, ಒಂದರಲ್ಲಿ ಕಣ್ಣು ಮುಂದೆ, ಮೂರನೆಯದರಲ್ಲಿ ಎರಡೂ ಒಟ್ಟಿಗೆ. ಮುಖದ ಟೇಕ್ ಮೂರಕ್ಕೂ ಅದೇ ಇರಲಿ. ಪ್ರತಿಯೊಂದನ್ನೂ ಒಮ್ಮೆ ಶಬ್ದ ಮುಚ್ಚಿ, ಒಮ್ಮೆ ಕಣ್ಣು ಮುಚ್ಚಿ ನೀವೇ ನೋಡಿ. ಯಾವುದೋ ಒಂದರಲ್ಲೇ ಎಲ್ಲ ತಿಳಿದುಬಿಟ್ಟರೆ ಇನ್ನೊಂದಕ್ಕೆ ಅಲ್ಲಿ ಕೆಲಸವಿಲ್ಲ. ಆಮೇಲೆ ದೃಶ್ಯದ ಬಗ್ಗೆ ಏನೂ ತಿಳಿಯದ ಬೇರೆ ಬೇರೆ ಮೂವರಿಗೆ ಒಂದೊಂದು ತೋರಿಸಿ. 'ಹೇಗನ್ನಿಸಿತು' ಎಂದು ಕೇಳಬೇಡಿ, ಸೌಜನ್ಯದ ಉತ್ತರ ಬರುತ್ತದೆ. 'ಫೋನಿನಲ್ಲಿ ಏನು ಹೇಳಿದರು?' ಎಂದು ಕೇಳಿ. ಸುದ್ದಿಯನ್ನು ಊಹಿಸಿ ಹೇಳಿದರೆ ಜೋಡಣೆ ಕೆಲಸ ಮಾಡಿದೆ. 'ಸಂಗೀತ ಕೇಳಿದರೆ ಯಾರೋ ಸತ್ತಿರಬೇಕು' ಎಂದರೆ ಸಂಗೀತವನ್ನು 3 ಡೆಸಿಬೆಲ್ ಇಳಿಸಿ, ಎರಡು ಸೆಕೆಂಡ್ ತಡವಾಗಿ ತನ್ನಿ, ಇನ್ನೊಬ್ಬರಿಗೆ ತೋರಿಸಿ.