ಥೀಮ್ ಪಾರ್ಕ್ ಪ್ರವಾಸಕ್ಕೆ ಒಂದು ವರ್ಷ ಮುಂಚೆಯೇ ಬುಕ್ ಮಾಡಬೇಕಾ?

ಪ್ರಶ್ನೆ: ಮುಂದಿನ ವರ್ಷ ಮಕ್ಕಳನ್ನು ದೊಡ್ಡದೊಂದು ಥೀಮ್ ಪಾರ್ಕ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ನಾವು ನಾಲ್ಕು ಜನ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಎರಡೂವರೆ. ಈಗಲೇ ಬುಕ್ ಮಾಡಿದರೆ ಅಗ್ಗ ಅನ್ನುತ್ತಾರೆ ಕೆಲವರು. ಅಷ್ಟು ಮುಂಚೆ ಯಾಕೆ ಅನ್ನುತ್ತಾರೆ ಇನ್ನು ಕೆಲವರು. ಎಷ್ಟು ಮುಂಚೆ ಶುರು ಮಾಡಬೇಕು? ಒಟ್ಟು ಖರ್ಚನ್ನು ಮೊದಲೇ ಲೆಕ್ಕ ಹಾಕುವುದು ಹೇಗೆ?

ಉತ್ತರ: ಲೆಕ್ಕ ಹಾಕುವುದನ್ನು ಈಗಲೇ ಶುರು ಮಾಡಿ. ಬುಕ್ ಮಾಡಲು ಅವಸರ ಬೇಡ. ಇವೆರಡು ಬೇರೆ ಬೇರೆ ಕೆಲಸ. ಒಂದು ವರ್ಷ ಮುಂಚೆ ಕೂತರೆ ಯಾವ ವಾರ ಹೋಗಬೇಕು ಅಂತ ನೀವೇ ಆರಿಸಬಹುದು, ದುಡ್ಡು ಕೂಡಿಡಲು ಸಮಯವೂ ಸಿಗುತ್ತದೆ. ಎಲ್ಲವೂ ಅಗ್ಗವಾಗಿ ಸಿಗುತ್ತದೆ ಅನ್ನುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಕೆಲವನ್ನು ಅಷ್ಟು ಮುಂಚೆ ಕೊಳ್ಳಲು ಬರುವುದೇ ಇಲ್ಲ. ಟೋಕಿಯೊ ಡಿಸ್ನಿಯ ಟಿಕೆಟ್ ಮಾರಾಟ ಶುರುವಾಗುವುದೇ ಆ ದಿನಕ್ಕೆ ಸುಮಾರು ಎರಡು ತಿಂಗಳು ಇರುವಾಗ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ಮಕ್ಕಳ ವಯಸ್ಸು. ಎರಡೂವರೆ ಮತ್ತು ಒಂಬತ್ತು. ಇಬ್ಬರೂ ಗಡಿಯಲ್ಲಿದ್ದಾರೆ. ಪಾರ್ಕ್‌ನವರು ಲೆಕ್ಕಕ್ಕೆ ಹಿಡಿಯುವುದು ನೀವು ಹೋಗುವ ದಿನ ಮಗುವಿಗೆ ಎಷ್ಟು ವಯಸ್ಸು ಅನ್ನುವುದನ್ನು. ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 3 ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ, 3ರಿಂದ 9ರವರೆಗೆ ಮಕ್ಕಳ ಟಿಕೆಟ್, 10 ತುಂಬಿದರೆ ದೊಡ್ಡವರ ಟಿಕೆಟ್. ಅಂದರೆ ಒಂದು ವರ್ಷ ಕಳೆಯುವಷ್ಟರಲ್ಲಿ ನಿಮ್ಮ ಮಗನಿಗೆ ಟಿಕೆಟ್ ಬೇಕಾಗುತ್ತದೆ, ಮಗಳು ದೊಡ್ಡವರ ಸಾಲಿಗೆ ಸೇರುತ್ತಾಳೆ. ಅದೇ ಟೋಕಿಯೊದಲ್ಲಿ ಲೆಕ್ಕ ಬೇರೆ. ಅಲ್ಲಿ 3 ವರ್ಷದವರಿಗೂ ಉಚಿತ, 4ರಿಂದ 11ರವರೆಗೆ ಮಕ್ಕಳ ದರ. ಪ್ಯಾರಿಸ್‌ನ ಡಿಸ್ನಿಯಲ್ಲಿ ಮಕ್ಕಳ ದರ 3ರಿಂದ 11. ಒಂದೇ ಕುಟುಂಬ, ಒಂದೇ ವರ್ಷ. ಆದರೂ ಕೊಳ್ಳಬೇಕಾದ ಟಿಕೆಟ್‌ಗಳು ಊರಿಗೊಂದು ಥರ.

ಹಾಗಂತ ಎರಡು ಗಡಿಗಳ ತೂಕ ಒಂದೇ ಅಲ್ಲ. ಫ್ಲಾರಿಡಾದಲ್ಲಿ ಮಕ್ಕಳ ಟಿಕೆಟ್‌ಗೂ ದೊಡ್ಡವರ ಟಿಕೆಟ್‌ಗೂ ಇರುವ ವ್ಯತ್ಯಾಸ ತೀರಾ ಕಡಿಮೆ. ಮಗಳಿಗೆ ಹತ್ತು ತುಂಬುವುದು ಟಿಕೆಟ್ ಲೆಕ್ಕದಲ್ಲಿ ದೊಡ್ಡ ಪೆಟ್ಟಲ್ಲ. ಬಫೆ ಊಟದಲ್ಲಿ ಮಾತ್ರ ಕೈ ಕಚ್ಚುತ್ತದೆ, ಅಲ್ಲೂ ಹತ್ತಕ್ಕೇ ದೊಡ್ಡವರ ದರ. ಮಗನಿಗೆ ಮೂರು ತುಂಬುವುದು ಹಾಗಲ್ಲ. ಸೊನ್ನೆ ಇದ್ದ ಜಾಗದಲ್ಲಿ ಹೆಚ್ಚೂಕಡಿಮೆ ಪೂರ್ತಿ ಟಿಕೆಟ್ ಬಂದು ಕೂರುತ್ತದೆ.

ಹಾಗಾದರೆ ಮೂರು ತುಂಬುವ ಮೊದಲೇ ಓಡಿಹೋಗಿ ಬರಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಾರಣ ಎತ್ತರ. ರೈಡ್ ಹತ್ತಲು ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. ಡಿಸ್ನಿ ವರ್ಲ್ಡ್‌ನಲ್ಲಿ ಚಿಕ್ಕ ಮಕ್ಕಳು ಆಸೆಪಡುವ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್, ಸ್ಲಿಂಕಿ ಡಾಗ್ ಡ್ಯಾಶ್ ಎರಡಕ್ಕೂ 97 ಸೆಂಟಿಮೀಟರ್ ಬೇಕು. ಸ್ಟಾರ್ ಟೂರ್ಸ್‌ಗೆ 102. ಸ್ಪೇಸ್ ಮೌಂಟನ್‌ಗೆ 112. ಟ್ರಾನ್‌ಗೆ 122. ಮೂರರಿಂದ ಮೂರೂವರೆ ವರ್ಷದ ಎಷ್ಟೋ ಮಕ್ಕಳು ಸರಿಯಾಗಿ 97ರ ಆಚೀಚೆಯೇ ಇರುತ್ತಾರೆ.

ಇವತ್ತೇ ಮಗನನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ಹಿಮ್ಮಡಿ ಗೋಡೆಗೆ ತಾಗಿರಲಿ. ತಲೆಯ ಮೇಲೆ ಪುಸ್ತಕ ಒಂದನ್ನು ಅಡ್ಡ ಇಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. 97ಕ್ಕೂ 102ಕ್ಕೂ ಬೇರೆ ಬಣ್ಣದ ಗೆರೆ ಹಾಕಿ. ಮೂರು ತಿಂಗಳಿಗೊಮ್ಮೆ ಅಳೆಯಿರಿ. ಗೆರೆ ಇನ್ನೂ ದೂರವಿದ್ದರೆ ಪ್ರವಾಸವನ್ನು ನಾಲ್ಕೈದು ತಿಂಗಳು ಮುಂದಕ್ಕೆ ಹಾಕುವುದು ಒಳ್ಳೆಯದು. ಅಷ್ಟು ದೂರ ಹೋಗಿ, ಅರ್ಧ ಗಂಟೆ ಸಾಲಿನಲ್ಲಿ ನಿಂತು, ಅಳತೆಗೋಲಿನ ಹತ್ತಿರ ಎರಡು ಸೆಂಟಿಮೀಟರ್ ಕಡಿಮೆ ಅಂತ ವಾಪಸ್ ಕಳಿಸಿದರೆ ಆ ಅಳುವನ್ನು ಯಾವ ಬಜೆಟ್ಟೂ ಸರಿಮಾಡುವುದಿಲ್ಲ. ಚಿಕ್ಕವನು ಹತ್ತಲಾಗದ ರೈಡ್‌ಗೆ ಅಪ್ಪ ಅಮ್ಮ ಸರದಿಯ ಮೇಲೆ ಹೋಗಿಬರುವ ವ್ಯವಸ್ಥೆ ಬಹುತೇಕ ದೊಡ್ಡ ಪಾರ್ಕ್‌ಗಳಲ್ಲಿದೆ. ಡಿಸ್ನಿಯಲ್ಲಿ ಅದಕ್ಕೆ ರೈಡರ್ ಸ್ವಿಚ್ ಅನ್ನುತ್ತಾರೆ. ಎರಡನೆಯವರು ಮತ್ತೆ ಮೊದಲಿನಿಂದ ಸಾಲು ನಿಲ್ಲಬೇಕಿಲ್ಲ, ದುಡ್ಡೂ ಇಲ್ಲ. ಕೇಳಿ ಪಡೆಯಬೇಕು, ಅಷ್ಟೇ.

ತಿಂಗಳು ಆರಿಸುವಾಗ ನಿಮ್ಮ ಮಕ್ಕಳ ರಜೆಯನ್ನು ಮಾತ್ರ ನೋಡಬೇಡಿ. ಪಾರ್ಕ್ ಇರುವ ದೇಶದ ರಜೆಗಳನ್ನೂ ನೋಡಿ. ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್. ಚೀನಾದಲ್ಲಿ ಅಕ್ಟೋಬರ್ ಮೊದಲ ವಾರ ಇಡೀ ದೇಶಕ್ಕೇ ರಜೆ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಎಲ್ಲ ಕಡೆಯೂ ಕಾಲಿಡಲು ಜಾಗವಿಲ್ಲ. ಡಿಸ್ನಿ ವರ್ಲ್ಡ್‌ನಲ್ಲಿ 2018ರ ಅಕ್ಟೋಬರ್‌ನಿಂದ ಟಿಕೆಟ್ ಬೆಲೆ ತಾರೀಕಿನ ಮೇಲೆ ನಿಂತಿದೆ. ಜನ ಜಾಸ್ತಿ ಬರುವ ದಿನ ಬೆಲೆಯೂ ಜಾಸ್ತಿ. ರೂಮಿನ ಬಾಡಿಗೆಯದೂ ಅದೇ ಕಥೆ. ಹಾಗಾಗಿ ಜನಜಂಗುಳಿಯ ವಾರ ಆರಿಸಿದವರು ಹೆಚ್ಚು ಕೊಟ್ಟು ಕಡಿಮೆ ರೈಡ್ ಹತ್ತಿ ಬರುತ್ತಾರೆ. ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ಅಲ್ಲಿನ ಶಾಲೆಗಳು ಶುರುವಾಗಿರುತ್ತವೆ, ಜನ ಕಡಿಮೆ. ಆದರೆ ಫ್ಲಾರಿಡಾದಲ್ಲಿ ಅದು ಸುಡು ಸೆಕೆ, ಮಧ್ಯಾಹ್ನದ ಗುಡುಗು ಮಳೆಯ ಕಾಲ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತು ಬೇರೆ. ಸುಮ್ನೆ ಅಗ್ಗ ಆಗಿರುವುದಿಲ್ಲ ಅಲ್ವಾ.

ಈಗ ದುಡ್ಡಿನ ಲೆಕ್ಕ. ಎಲ್ಲರೂ ಮೊದಲು ಟಿಕೆಟ್ ಬೆಲೆ ನೋಡುತ್ತಾರೆ. ಅದು ಎದುರಿಗೇ ಕಾಣುವ ಖರ್ಚು. ಬಜೆಟ್ ಒಡೆಯುವುದು ಹೆಚ್ಚಾಗಿ ದಿನಗಳ ಸಂಖ್ಯೆಯಿಂದ. ಒಂದು ಹಾಳೆ ತೆಗೆದುಕೊಂಡು ಪ್ರತಿ ಖರ್ಚಿನ ಮುಂದೆ ಅದು ಯಾವುದರಿಂದ ಗುಣಿಸಲ್ಪಡುತ್ತದೆ ಅಂತ ಬರೆಯಿರಿ. ವಿಮಾನ ಅಥವಾ ರೈಲು: ತಲೆಗೆ ಒಂದು ಸಲ. ರೂಮು: ರಾತ್ರಿಗೆ. ಪಾರ್ಕಿಂಗ್ ಅಥವಾ ಟ್ಯಾಕ್ಸಿ: ದಿನಕ್ಕೆ. ಟಿಕೆಟ್, ಊಟ, ಸಾಲು ತಪ್ಪಿಸುವ ಪಾಸ್: ತಲೆಗೂ ಹೌದು, ದಿನಕ್ಕೂ ಹೌದು. ನಾಲ್ಕು ಜನ, ಮೂರು ದಿನ ಅಂದರೆ ಈ ಕೊನೆಯ ಗುಂಪಿನ ಪ್ರತಿಯೊಂದೂ ಹನ್ನೆರಡರಿಂದ ಗುಣಿಸುತ್ತದೆ. ಇನ್ನೊಂದು ದಿನ ಸೇರಿಸಿದರೆ ಹದಿನಾರು.

ದೊಡ್ಡ ಪಾರ್ಕ್‌ಗಳು ಕೌಂಟರಿನಲ್ಲೂ ವೆಬ್‌ಸೈಟಿನಲ್ಲೂ ಹೇಳುವುದು ಬೇರೆ ಮಾತು. ದಿನ ಜಾಸ್ತಿ ಆದಂತೆ ದಿನವೊಂದರ ಟಿಕೆಟ್ ಬೆಲೆ ಇಳಿಯುತ್ತದೆ, ಇನ್ನೂ ಸ್ವಲ್ಪ ಕೊಟ್ಟರೆ ಇನ್ನೊಂದು ದಿನ ಸಿಗುತ್ತದೆ. ನಿಜ, ಟಿಕೆಟ್ ಮಾತ್ರ ಇಳಿಯುತ್ತದೆ. ಆ ದಿನದ ರೂಮು, ನಾಲ್ಕು ಜನರ ಮೂರು ಹೊತ್ತಿನ ಊಟ, ನಾಲ್ಕು ಪಾಸ್ ಯಾವುದೂ ಇಳಿಯುವುದಿಲ್ಲ. ಹೆಚ್ಚುವರಿ ದಿನ ಬೇಕೋ ಬೇಡವೋ ಅನ್ನುವುದನ್ನು ಟಿಕೆಟ್ ನೋಡಿ ತೀರ್ಮಾನಿಸಬೇಡಿ, ಆ ದಿನದ ಪೂರ್ತಿ ಮೊತ್ತ ನೋಡಿ. ಊರಿಗೆ ತಲುಪಿದ ದಿನಕ್ಕಂತೂ ಟಿಕೆಟ್ ಬೇಡವೇ ಬೇಡ. ಮಧ್ಯಾಹ್ನ ಎರಡಕ್ಕೆ ರೂಮು ಸಿಕ್ಕಿ, ಮಕ್ಕಳು ತೂಕಡಿಸುತ್ತಿರುವಾಗ ಪಾರ್ಕ್‌ಗೆ ಹೋದರೆ ಅರ್ಧ ದಿನಕ್ಕೆ ಪೂರ್ತಿ ದುಡ್ಡು. ಮೂರೂವರೆ ವರ್ಷದ ಮಗು ಜೊತೆಗಿದ್ದರೆ ಎರಡು ದಿನ ಪಾರ್ಕ್, ಒಂದು ದಿನ ಈಜುಕೊಳ ಮತ್ತು ನಿದ್ದೆ, ಮತ್ತೊಂದು ದಿನ ಪಾರ್ಕ್. ನಾನಾದರೆ ಹೀಗೆ ಹಾಕಿಕೊಳ್ಳುತ್ತೇನೆ.

ಸಾಲು ತಪ್ಪಿಸುವ ಪಾಸ್ ಬಗ್ಗೆ ಮನೆಯಲ್ಲೇ ತೀರ್ಮಾನ ಮಾಡಿ. ಡಿಸ್ನಿಯಲ್ಲಿ ಇದು ಲೈಟ್ನಿಂಗ್ ಲೇನ್, ಯೂನಿವರ್ಸಲ್‌ನಲ್ಲಿ ಎಕ್ಸ್‌ಪ್ರೆಸ್ ಪಾಸ್. ಬೆಲೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ತೊಂಬತ್ತು ನಿಮಿಷದ ಸಾಲಿನ ಮುಂದೆ, ಬಿಸಿಲಲ್ಲಿ, ಫೋನ್ ಕೈಯಲ್ಲಿ ಹಿಡಿದು ಯಾರೂ ಬೇಡ ಅನ್ನುವುದಿಲ್ಲ. ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಲ್ಲುವ ಅಭ್ಯಾಸ ನಿಮ್ಮ ಮನೆಯವರಿಗೆ ಒಗ್ಗುತ್ತದಾ ನೋಡಿ. ಮೊದಲ ಒಂದು ಗಂಟೆಯಲ್ಲಿ ಸಾಲುಗಳು ಚಿಕ್ಕವಿರುತ್ತವೆ. ಡಿಸ್ನಿ ವರ್ಲ್ಡ್‌ನ ಸ್ವಂತ ಹೋಟೆಲ್‌ಗಳಲ್ಲಿ ಉಳಿದವರನ್ನು ದಿನವೂ ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತಾರೆ. ಬೆಳಿಗ್ಗೆ ಬೇಗ ಏಳುವ ಕುಟುಂಬಕ್ಕೆ ಪಾಸ್ ಇಲ್ಲದೆಯೂ ನಡೆಯುತ್ತದೆ. ತಡವಾಗಿ ಏಳುವವರು ಅದಕ್ಕೆ ಮೊದಲೇ ದುಡ್ಡು ತೆಗೆದಿಡುವುದು ಮೇಲು.

ಯಾವುದನ್ನು ಯಾವಾಗ ಬುಕ್ ಮಾಡಬೇಕು? ವಿಮಾನ ಕಂಪನಿಗಳು ಸುಮಾರು ಹನ್ನೊಂದು ತಿಂಗಳು ಮುಂಚೆ ಟಿಕೆಟ್ ತೆರೆಯುತ್ತವೆ. ತೆರೆದ ದಿನವೇ ಕೊಳ್ಳಬೇಕಿಲ್ಲ, ಬೆಲೆ ಗಮನಿಸಲು ಶುರು ಮಾಡಿ. ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ರೂಮನ್ನು ಮಾತ್ರ ಬೇಗ ಹಿಡಿದಿಡಿ. ಆಮೇಲೆ ರಿಯಾಯಿತಿ ಬಂದರೆ ಹಳೆಯದನ್ನು ಬಿಟ್ಟು ಹೊಸ ದರಕ್ಕೆ ಹಿಡಿಯಬಹುದು. ಮುಂಚೆ ಬುಕ್ ಮಾಡಿದರೆ ಅಗ್ಗ ಅನ್ನುವ ಮಾತಿಗೆ ಇಷ್ಟರಮಟ್ಟಿಗೆ ಅರ್ಥವಿದೆ. ಡಿಸ್ನಿ ವರ್ಲ್ಡ್‌ನ ಪ್ಯಾಕೇಜ್‌ಗೆ ಮೊದಲು ಮುಂಗಡ ಮಾತ್ರ ಕೊಟ್ಟರೆ ಸಾಕು, ಉಳಿದದ್ದನ್ನು ಹೋಗುವ ದಿನಕ್ಕೆ 30 ದಿನ ಇರುವಾಗ ತುಂಬಬೇಕು. ಅಲ್ಲಿನ ರೆಸ್ಟೋರೆಂಟ್‌ಗಳಲ್ಲಿ ಜಾಗ ಕಾಯ್ದಿರಿಸುವುದು 60 ದಿನ ಮುಂಚೆ ತೆರೆಯುತ್ತದೆ. ಲೈಟ್ನಿಂಗ್ ಲೇನ್ ಡಿಸ್ನಿ ಹೋಟೆಲ್‌ನಲ್ಲಿ ಉಳಿದವರಿಗೆ 7 ದಿನ ಮುಂಚೆ, ಹೊರಗಿನವರಿಗೆ 3 ದಿನ ಮುಂಚೆ. ಈ ತಾರೀಕುಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಕೂಡಿಡುವ ಲೆಕ್ಕದಲ್ಲಿ ಒಂದು ತಿರುವಿದೆ. ಹನ್ನೆರಡು ತಿಂಗಳಿದೆ ಅಂತ ಒಟ್ಟು ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ಕೊನೆಗೆ ಸಿಕ್ಕಿಹಾಕಿಕೊಳ್ಳುತ್ತೀರಿ. ದುಡ್ಡು ಕೈಬಿಡುವುದು ಹೋಗುವ ದಿನವಲ್ಲ. ವಿಮಾನದ ಟಿಕೆಟ್ ನಾಲ್ಕೈದು ತಿಂಗಳು ಮುಂಚೆಯೇ ನುಂಗುತ್ತದೆ, ರೂಮಿನ ಬಾಕಿ ಒಂದು ತಿಂಗಳು ಮುಂಚೆ. ಹತ್ತರಿಂದ ಭಾಗಿಸಿ, ಬೇರೆ ಖಾತೆಯೊಂದರಲ್ಲಿ ಇಡಿ. ಮೂರು ತಿಂಗಳು ಕಳೆದರೂ ಆ ಕಂತು ಕಟ್ಟಲು ಆಗುತ್ತಿಲ್ಲ ಅಂದರೆ ಒಂದು ದಿನ ಕಡಿಮೆ ಮಾಡಿ, ಅಥವಾ ತಿಂಗಳು ಬದಲಿಸಿ. ಅದಕ್ಕೆ ಆಗ ಇನ್ನೂ ಸಮಯವಿರುತ್ತದೆ. ಸಾಲ ಮಾಡಿ ಜೋಕಾಲಿ ಹತ್ತುವ ಕೆಲಸ ಮಾತ್ರ ಬೇಡ.

ಲೆಕ್ಕಕ್ಕೆ ಸಿಗದೆ ಜಾರುವ ಖರ್ಚುಗಳೂ ಇವೆ. ಅಮೆರಿಕದಲ್ಲಿ ಬೋರ್ಡಿನ ಮೇಲಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಬಡಿಸುವವರಿಗೆ ಟಿಪ್ಸ್ ಬೇರೆ. ಪಾರ್ಕಿನ ಹೊರಗಿನ ಎಷ್ಟೋ ಹೋಟೆಲ್‌ಗಳು ಬಾಡಿಗೆಯ ಮೇಲೆ ರೆಸಾರ್ಟ್ ಶುಲ್ಕ, ಪಾರ್ಕಿಂಗ್ ಶುಲ್ಕ ಹಾಕುತ್ತವೆ. ಅಗ್ಗದ ರೂಮು ಅಲ್ಲೇ ದುಬಾರಿಯಾಗುವುದು. ಮಗುವನ್ನು ಕೂರಿಸಿ ತಳ್ಳುವ ಗಾಡಿಯನ್ನು ಪಾರ್ಕಿನಲ್ಲಿ ದಿನವೂ ಬಾಡಿಗೆಗೆ ತೆಗೆದುಕೊಳ್ಳುವ ಬದಲು ಮಡಚುವಂಥದ್ದನ್ನು ಒಯ್ಯಿರಿ. ಡಿಸ್ನಿ ವರ್ಲ್ಡ್‌ನಲ್ಲಿ ಅದು 79 ಸೆಂಟಿಮೀಟರ್ ಅಗಲ, 132 ಸೆಂಟಿಮೀಟರ್ ಉದ್ದ ಮೀರಬಾರದು. ಅಲ್ಲಿ ಹೊರಗಿನ ತಿಂಡಿ ಒಯ್ಯಲು ಬಿಡುತ್ತಾರೆ, ಕುಡಿಯುವ ತಣ್ಣೀರು ಕೌಂಟರಿನಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಎಲ್ಲ ಪಾರ್ಕ್‌ಗಳಲ್ಲಿ ಹೀಗಿಲ್ಲ, ಹೋಗುವ ಪಾರ್ಕಿನ ನಿಯಮ ಓದಿ. ಆಟಿಕೆಗಳ ವಿಷಯಕ್ಕೆ ಬಂದರೆ, ದೊಡ್ಡ ರೈಡ್‌ಗಳ ಹೊರಬಾಗಿಲು ಅಂಗಡಿಯೊಳಗೇ ತೆರೆಯುತ್ತದೆ. ಮಗಳ ಕೈಗೆ ಮೊದಲೇ ಇಷ್ಟು ಅಂತ ಕೊಟ್ಟುಬಿಡಿ. ತನ್ನ ದುಡ್ಡು ಅಂದಕೂಡಲೇ ಮಕ್ಕಳು ಬೆಲೆಚೀಟಿ ತಿರುಗಿಸಿ ನೋಡುತ್ತಾರೆ. ಇದೆಲ್ಲದರ ಮೇಲೆ ನೂರಕ್ಕೆ ಹತ್ತರಷ್ಟು ಹೆಚ್ಚುವರಿ ಇಟ್ಟುಕೊಳ್ಳಿ.

ಯೂಟ್ಯೂಬ್ ನೋಡಿ ಪ್ಲಾನ್ ಮಾಡುವವರಿಗೆ ಒಂದು ಮಾತು: ವಿಡಿಯೊದ ವರ್ಷ ನೋಡಿ. ಡಿಸ್ನಿಯಲ್ಲಿ ಸಾಲು ತಪ್ಪಿಸಲು ಹಿಂದೆ ಇದ್ದ ಉಚಿತ ಫಾಸ್ಟ್‌ಪಾಸ್ ಬಗ್ಗೆ ಹೇಳುವ ವಿಡಿಯೊಗಳು ಇನ್ನೂ ಓಡುತ್ತಿವೆ. ಅದು ಹೋಗಿ 2021ರಲ್ಲಿ ದುಡ್ಡು ಕೊಡುವ ಜೀನಿ ಪ್ಲಸ್ ಬಂತು. 2024ರ ಜುಲೈನಲ್ಲಿ ಅದೂ ಹೋಯಿತು. ರೈಡ್‌ಗಳೂ ಮುಚ್ಚುತ್ತವೆ. ಡಿಸ್ನಿ ವರ್ಲ್ಡ್‌ನ ಪಾರ್ಕ್‌ಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್ಡಮ್‌ನ ಸ್ಪ್ಲ್ಯಾಶ್ ಮೌಂಟನ್ 2023ರ ಜನವರಿಯಲ್ಲಿ ಮುಚ್ಚಿತು. ಅದೇ ಜಾಗದಲ್ಲಿ ಟಿಯಾನಾ ಹೆಸರಿನ ಹೊಸ ರೈಡ್ ತೆರೆದದ್ದು 2024ರ ಜೂನ್‌ನಲ್ಲಿ. ನಡುವೆ ಹೋದವರಿಗೆ ಎರಡೂ ಇಲ್ಲ. ಅದಕ್ಕೇ ಮಗಳ ಹತ್ತಿರ ತನಗೆ ಬೇಕೇ ಬೇಕಾದ ಮೂರು ರೈಡ್ ಬರೆಸಿಕೊಳ್ಳಿ. ತಾರೀಕು ಗಟ್ಟಿ ಮಾಡುವ ಮುಂಚೆ ಆ ಮೂರು ದುರಸ್ತಿಗೆ ಮುಚ್ಚುತ್ತವಾ ಅಂತ ಪಾರ್ಕಿನ ಸ್ವಂತ ವೆಬ್‌ಸೈಟಿನಲ್ಲಿ ಅವಳೇ ನೋಡಲಿ, ಒಂಬತ್ತು ವರ್ಷದವಳಿಗೆ ಅಷ್ಟು ಮಾಡಲು ಬರುತ್ತದೆ. ಚಿಕ್ಕವನಿಗೆ ಹೊರಡುವ ಹಿಂದಿನ ವಾರ ಹೇಳಿದರೆ ಸಾಕು. ಈಗಲೇ ಹೇಳಿದರೆ ದಿನಾ ಬೆಳಿಗ್ಗೆ ಎದ್ದು ಶೂ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾನೆ.