ಎತ್ತರ ಎಷ್ಟಿತ್ತು ಅಂತ ಮೊದಲು ಕೇಳಿ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಊರ ಮೇಲೆ ಹಾರುವ ವಿಮಾನದಲ್ಲಿ ಸಮುದ್ರ ಮಟ್ಟದಿಂದ ಎತ್ತರ ಅಳೆಯುವ ಮೀಟರು 9000 ಅಡಿ ತೋರಿಸಿದರೆ, ನೆಲಕ್ಕೂ ಅದಕ್ಕೂ ನಡುವೆ ಇರುವುದು ಸುಮಾರು 6000 ಅಡಿ ಮಾತ್ರ. ಸರಸ್ ಅನ್ನುವ ಎರಡು ಎಂಜಿನ್‌ನ ಸಣ್ಣ ವಿಮಾನದ ಅಪಘಾತದ ಬಗ್ಗೆ ಯಾರೇ ಕೇಳಿದರೂ ನಾನು ಈ ಲೆಕ್ಕದಿಂದಲೇ ಶುರು ಮಾಡುತ್ತೇನೆ.

2009ರ ಮಾರ್ಚ್ 6. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಸರಸ್‌ನ ಎರಡನೇ ಮಾದರಿ ವಿಮಾನ ಎಚ್‌ಎಎಲ್ ನಿಲ್ದಾಣದಿಂದ ಪರೀಕ್ಷೆಗೆ ಹೊರಟು ಬಿಡದಿ ಹತ್ತಿರ ಬಿತ್ತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ತೀರಿಕೊಂಡರು. ಮೂವರೂ ವಾಯುಪಡೆಯವರು.

ಅವತ್ತು ಮಾಡಬೇಕಿದ್ದ ಕೆಲಸ ಇದು: ಹಾರುತ್ತಿರುವಾಗಲೇ ಒಂದು ಎಂಜಿನ್ ಆರಿಸಿ, ಮತ್ತೆ ಹೊತ್ತಿಸುವುದು. ನಾವು ಇದನ್ನು ರಿಲೈಟ್ ಅನ್ನುತ್ತೇವೆ. ಇಂಥದ್ದು ಯಾಕೆ ಬೇಕು ಅನಿಸಬಹುದು. ನಾಳೆ ಜನ ಕೂತು ಹೋಗುವ ವಿಮಾನ ಅಲ್ವಾ? ನಿಂತ ಎಂಜಿನ್ ಮತ್ತೆ ಹೊತ್ತುತ್ತದೆಯೇ ಅಂತ ಯಾರಾದರೂ ಮೊದಲೇ ಮೇಲೆ ಹೋಗಿ ನೋಡಿ ಬರಲೇಬೇಕು.

ಎಂಜಿನ್ ನಿಂತಾಗ ಪ್ರೊಪೆಲ್ಲರ್‌ನ ಅಲಗುಗಳನ್ನು ಗಾಳಿಗೆ ಅಂಚು ಕೊಡುವ ಹಾಗೆ ತಿರುಗಿಸಿ ಇಡುತ್ತಾರೆ. ಇದಕ್ಕೆ ಫೆದರ್ ಮಾಡುವುದು ಅಂತ ಹೆಸರು. ಬಿರುಗಾಳಿಯಲ್ಲಿ ಕೊಡೆ ಮಡಚಿ ಹಿಡಿದ ಹಾಗೆ. ಎಂಜಿನ್ ಸರಿಯಾಗಿ ಹೊತ್ತಿಕೊಳ್ಳುವ ಮೊದಲೇ ಅಲಗುಗಳನ್ನು ಗಾಳಿಗೆ ಒಡ್ಡಿದರೆ ಕೊಡೆ ಬಿಚ್ಚಿದಂತೆಯೇ. ಅದೂ ಒಂದೇ ಪಕ್ಕದಲ್ಲಿ. ವಿಮಾನ ಆ ಕಡೆಗೆ ಎಳೆಯುತ್ತದೆ, ಎತ್ತರ ಸರ್ರನೆ ಇಳಿಯುತ್ತದೆ. ಸರಸ್‌ನ ಪಿಟಿ6 ಎಂಜಿನ್‌ನಲ್ಲಿ ಇನ್ನೊಂದು ವಿಷಯವಿದೆ. ಪ್ರೊಪೆಲ್ಲರ್‌ಗೂ ಗಾಳಿ ಒತ್ತುವ ಒಳಭಾಗಕ್ಕೂ ನೇರ ಕೊಂಡಿ ಇಲ್ಲ. ಪ್ರೊಪೆಲ್ಲರ್ ಸುಮ್ನೆ ಗಾಳಿಗೆ ತಿರುಗಿದರೆ ಎಂಜಿನ್ ಹೊತ್ತಲು ಏನೂ ನೆರವಾಗುವುದಿಲ್ಲ. ಹಾಗಾಗಿ ಯಾವ ಲಿವರ್ ಮೊದಲು, ಯಾವುದು ಆಮೇಲೆ ಅನ್ನುವುದೇ ಇಲ್ಲಿ ಎಲ್ಲ.

ನಾಗರಿಕ ವಿಮಾನಯಾನದ ಮೇಲ್ವಿಚಾರಣೆ ಮಾಡುವ ಡಿಜಿಸಿಎಯ ತನಿಖೆ ಮುಟ್ಟಿದ್ದು ಇಲ್ಲಿಗೇ. ವಿನ್ಯಾಸ ಮಾಡಿದವರು ಬರೆದುಕೊಟ್ಟ ರಿಲೈಟ್ ವಿಧಾನ ತಪ್ಪಾಗಿತ್ತು, ಅದನ್ನು ಸಾಕಷ್ಟು ಎತ್ತರ ಇಲ್ಲದ ಕಡೆ ಮಾಡಲಾಯಿತು ಎಂದಿತು. ಮೊದಲ ಪ್ರಯತ್ನ ಕೈಕೊಟ್ಟ ಮೇಲೂ ಪರೀಕ್ಷೆ ನಿಲ್ಲಿಸದೇ ಇದ್ದದ್ದನ್ನೂ ಹೇಳಿತು. ಈ ಕೊನೆಯ ಮಾತನ್ನಷ್ಟೇ ಹಿಡಿದು 'ಪೈಲಟ್ ತಪ್ಪು' ಅಂದವರನ್ನು ನೋಡಿದ್ದೇನೆ. ನನಗೆ ಸಂಕಟವಾಗುತ್ತದೆ.

ಯಾಕೆಂದರೆ ಪರೀಕ್ಷಾ ಪೈಲಟ್ ತನ್ನಿಷ್ಟಕ್ಕೆ ಹಾರುವುದಿಲ್ಲ. ಅವತ್ತು ಏನೇನು ಮಾಡಬೇಕು ಅಂತ ಬರೆದ ಟೆಸ್ಟ್ ಕಾರ್ಡನ್ನು ತೊಡೆಯ ಮೇಲೆ ಕಟ್ಟಿಕೊಂಡಿರುತ್ತಾರೆ. ಅದನ್ನು ಸಿದ್ಧ ಮಾಡುವುದು ನೆಲದ ಮೇಲೆ ಕುರ್ಚಿಯಲ್ಲಿ ಕೂತ ನಮ್ಮಂಥ ಎಂಜಿನಿಯರ್‌ಗಳು. ಮೇಲೆ ಹೋದವರಿಗೆ ಹಿಡಿದ ಕೆಲಸ ಮುಗಿಸಿ ಬರುವ ತವಕ ಇರುತ್ತದೆ. ಎಲ್ಲಿ ಕೈಬಿಡಬೇಕು ಅನ್ನುವುದನ್ನು ಹಿಂದಿನ ದಿನವೇ, ತಣ್ಣಗೆ ಕೂತು, ನೆಲದಲ್ಲೇ ತೀರ್ಮಾನಿಸಬೇಕು.

ಇದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ನಾನು ಬರೆದ ಕಾರ್ಡನ್ನು ಹಿರಿಯ ಪೈಲಟ್ ಒಬ್ಬರು ಎರಡು ಸಲ ಓದಿ ವಾಪಸ್ ಕೊಟ್ಟರು. "ಏನು ಮಾಡಬೇಕು ಅಂತ ಚೆನ್ನಾಗಿ ಬರೆದಿದ್ದೀಯಪ್ಪ. ಎಷ್ಟು ಅಡಿಗೆ ಬಂದಾಗ ಬಿಟ್ಟು ಬರಬೇಕು, ಅದೆಲ್ಲಿ?" ಅಂದರು. ಅವತ್ತು ಹಾರಾಟ ಆಗಲಿಲ್ಲ. ರಾತ್ರಿ ಕೂತು ಕಾರ್ಡನ್ನು ಮೊದಲಿಂದ ಬರೆದೆ, ಆ ಅಂಕಿಯನ್ನು ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ.