4294967297: ಫರ್ಮಾ ಎಡವಿದ ಸಂಖ್ಯೆ

429 ಕೋಟಿ 49 ಲಕ್ಷ 67 ಸಾವಿರದ 297. ನೋಡೋಕೆ ಉದ್ದ, ಆದರೆ ಹುಟ್ಟು ಸರಳ: 2³² + 1.

17ನೇ ಶತಮಾನದಲ್ಲಿ ಫ್ರಾನ್ಸಿನ ಪಿಯರ್ ಡಿ ಫರ್ಮಾ 2ರ ಘಾತಗಳಿಗೆ 1 ಕೂಡಿಸಿ ನೋಡಿದ. ಘಾತಾಂಕ 1, 2, 4, 8, 16 ಆದಾಗ 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ. ಮುಂದೆಯೂ ಹೀಗೇ ಇರುತ್ತದೆ ಎಂದು ಆತ ನಂಬಿದ. ಮುಂದಿನ ಘಾತಾಂಕ 32. ನಂಬಿಕೆ ಕೈಕೊಟ್ಟಿದ್ದು ಅಲ್ಲೇ. 1732ರಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಗಣಿತಜ್ಞ ಆಯ್ಲರ್ ತೋರಿಸಿದ:

4294967297 = 641 × 6700417

641 ಅಷ್ಟು ಚಿಕ್ಕದು, ಫರ್ಮಾ ಕಣ್ಣಿಗೆ ಯಾಕೆ ಬೀಳಲಿಲ್ಲ ಅಂತ ಅನಿಸುತ್ತದೆ, ಅಲ್ವಾ? ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಹೋದರೆ ಇದರ ವರ್ಗಮೂಲದವರೆಗಿನ, ಅಂದರೆ 65536ರವರೆಗಿನ, ಸುಮಾರು ಆರೂವರೆ ಸಾವಿರ ಅವಿಭಾಜ್ಯಗಳನ್ನು ನೋಡಬೇಕಾಗಬಹುದು. ಅಷ್ಟು ಬೇಕಿಲ್ಲ. p ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 2³²ನ್ನು pಯಿಂದ ಭಾಗಿಸಿದರೆ ಶೇಷ −1 (ಅಂದರೆ 1 ಕೂಡಿಸಿದರೆ ಪೂರ್ತಿ ಭಾಗವಾಗುತ್ತದೆ). ವರ್ಗ ಮಾಡಿದರೆ 2⁶⁴ರ ಶೇಷ 1. ಇದಕ್ಕಿಂತ ಚಿಕ್ಕ ಘಾತಕ್ಕೆ ಶೇಷ 1 ಬರುವುದಿಲ್ಲ (64ರ ಭಾಜಕಗಳನ್ನಷ್ಟೇ ನೋಡಿದರೆ ಸಾಕು, ಯಾಕೆ ಎಂದು ಯೋಚಿಸಿ). ಇನ್ನು 2ರ (p − 1)ನೇ ಘಾತದ ಶೇಷವೂ 1. ಹಾಗಾಗಿ p − 1ನ್ನು 64 ಭಾಗಿಸಲೇಬೇಕು. 2ರ (p − 1)ನೇ ಘಾತದ ಶೇಷ 1 ಎಂಬ ಆ ನಿಯಮ ಯಾರದ್ದು ಗೊತ್ತಾ? ಫರ್ಮಾನದ್ದೇ! ಆಯುಧ ಅವನ ಮನೆಯಲ್ಲೇ ಇತ್ತು.

ಈಗ 64ರ ಮಗ್ಗಿಗೆ 1 ಕೂಡಿಸಿ: 65, 129, 193, 257, 321, 385, 449, 513, 577, 641. ಅವಿಭಾಜ್ಯಗಳನ್ನಷ್ಟೇ ಉಳಿಸಿಕೊಂಡರೆ 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿತ್ತು.

257ನ್ನು ಭಾಗಿಸಿ ನೋಡುವುದೂ ಬೇಡ. 3 × 5 × 17 × 257 × 65537 = 4294967295. ನಮ್ಮ ಸಂಖ್ಯೆಗಿಂತ ಸರಿಯಾಗಿ 2 ಕಡಿಮೆ. ಅಂದರೆ 257ರಿಂದ ಭಾಗಿಸಿದರೆ ಶೇಷ 2. (ಪ್ರೋಗ್ರಾಮಿಂಗ್ ಕಲಿಯುವವರು 4294967295ನ್ನು ಗುರುತಿಸಿರುತ್ತೀರಿ. 32 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಸಂಖ್ಯೆ ಅದೇ.)

ನನಗೆ ಜಾಸ್ತಿ ಇಷ್ಟವಾದದ್ದು ಭಾಗಾಕಾರವನ್ನೇ ಮಾಡದ ಸಾಧನೆ. 641ನ್ನು ಎರಡು ಥರ ಬರೆಯಬಹುದು:

641 = 5 × 2⁷ + 1
641 = 5⁴ + 2⁴

ಎಲ್ಲವನ್ನೂ 641ರಿಂದ ಭಾಗಿಸುತ್ತೇವೆ ಅಂದುಕೊಳ್ಳಿ. ಮೊದಲನೆಯದರಿಂದ 5 × 2⁷ರ ಶೇಷ −1. ನಾಲ್ಕನೇ ಘಾತಕ್ಕೆ ಏರಿಸಿ: 5⁴ × 2²⁸ರ ಶೇಷ 1. ಎರಡನೆಯದರ ಪ್ರಕಾರ 5⁴ ಇರುವಲ್ಲಿ −2⁴ ಹಾಕಬಹುದು. ಹಾಕಿದರೆ −2³²ರ ಶೇಷ 1. ಅಂದರೆ 2³² + 1ರ ಶೇಷ 0. ಮುಗೀತು. ಪುಸ್ತಕ ಮುಚ್ಚಿ ಒಮ್ಮೆ ನೀವೇ ಬರೆದು ನೋಡಿ.

ಇನ್ನೊಂದು ದಾರಿಯೂ ಇದೆ. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬಂದರೂ ಅದು ಒಂದೇ ರೀತಿಯಲ್ಲಿ. ನಮ್ಮ ಸಂಖ್ಯೆ ಮಾತ್ರ ಎರಡು ರೀತಿಯಲ್ಲಿ ಬರುತ್ತದೆ:

65536² + 1²
62264² + 20449²

ಇಷ್ಟು ಕಂಡರೂ ಅದು ಅವಿಭಾಜ್ಯ ಅಲ್ಲ ಎಂದು ಹೇಳಿಬಿಡಬಹುದು. ಆ 20449 ಕೂಡ 143ರ ವರ್ಗ, ಇದು ಬರೀ ಮಜಕ್ಕೆ.

65537ರ ಆಚೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇವತ್ತಿನವರೆಗೂ ಸಿಕ್ಕಿಲ್ಲ.